ಲಾಕ್ ಫೈಲ್ ಅಳಿಸಬೇಡಿ, ಸ್ವಲ್ಪ ತಡೆಯಿರಿ

ಉಬುಂಟುವಿನಲ್ಲಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಏನೇ ಇನ್‌ಸ್ಟಾಲ್ ಮಾಡಲು ಹೋದರೂ 'ಲಾಕ್ ಸಿಗುತ್ತಿಲ್ಲ' ಅಂತ ಬರುತ್ತಿದೆ, ಲಾಕ್ ಫೈಲನ್ನೇ ಡಿಲೀಟ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಎಷ್ಟೋ ಕಡೆ ಅದೇ ಸಲಹೆ ಕೊಡುತ್ತಾರೆ, ನಾನೂ ಒಮ್ಮೆ ಹಾಗೆ ಮಾಡಿ ಅರ್ಧ ದಿನ ಕಳೆದುಕೊಂಡೆ.

ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಅದು ಇರುವುದೇ ಬೀಗವಲ್ಲ. ಒಂದು ಪ್ರೋಗ್ರಾಂ ಪರವಾಗಿ ಕರ್ನಲ್ (ಸಿಸ್ಟಮ್‌ನ ತಿರುಳು) ಅದರ ಮೇಲೆ ಹಾಕಿರುವ ಹಿಡಿತವೇ ಬೀಗ. ಹಿಡಿದಿದ್ದ ಪ್ರೋಗ್ರಾಂ ಮುಗಿದರೆ, ಸತ್ತರೂ ಸರಿ, ಹಿಡಿತ ತಾನಾಗಿ ಬಿಡುತ್ತದೆ. ಫೈಲ್ ಅಳಿಸಿದರೆ ಹೊಸ ಫೈಲ್ ಹುಟ್ಟಿ, ಎರಡು ಡಿಪಿಕೆಜಿಗಳು (ಸಾಫ್ಟ್‌ವೇರ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ) ಒಂದೇ ಡೇಟಾಬೇಸಿಗೆ ಒಟ್ಟಿಗೆ ಕೈಹಾಕಬಹುದು. ಆಮೇಲೆ ಗೋಳು ನಿಮ್ಮದು.

ಎರರ್ ಸಾಲಿನಲ್ಲೇ ಯಾರು ಹಿಡಿದಿದ್ದಾರೆ ಅಂತ ಪ್ರೋಸೆಸ್ ನಂಬರ್ ಸಮೇತ ಇರುತ್ತದೆ, ನೋಡಿ. 'ಅನ್‌ಅಟೆಂಡೆಡ್ ಅಪ್‌ಗ್ರೇಡ್' ಅಂತಿದ್ದರೆ ಅದು ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ. ಕಂಪ್ಯೂಟರ್ ಈಗಷ್ಟೇ ಆನ್ ಮಾಡಿದ್ದರೆ ಬಹುತೇಕ ಇದೇ. ಮುಗಿಯಲು ಬಿಡಿ.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋಗಿತ್ತಾ? ಹಾಗಿದ್ದರೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ (ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಎಲ್ಲಾ ಸಣ್ಣಕ್ಷರ: sudo dpkg --configure -a). ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಪೂರ್ತಿ ಮಾಡುತ್ತದೆ. ಆಮೇಲೂ ಡಿಪೆಂಡೆನ್ಸಿ ತಕರಾರು (ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಸಿಗುತ್ತಿಲ್ಲ ಅಂತ) ಬಂದರೆ 'ಸುಡೋ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' (sudo apt --fix-broken install) ಕೊಡಿ. ಅದು ಏನೇನು ತೆಗೆದುಹಾಕುತ್ತೇನೆ ಅನ್ನುತ್ತದೋ ಓದಿಯೇ 'ವೈ' ಒತ್ತಿ.