ಓದುಗರ ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ಗುಂಡಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಬಹುಕಾಲದಿಂದ ಮುಕ್ತ (ಓಪನ್ ಸೋರ್ಸ್) ತಂತ್ರಾಂಶಗಳನ್ನೇ ನೆಚ್ಚಿಕೊಂಡವನು. ದಿನವೂ ಬಳಸುವ ಒಂದು ತಂತ್ರಾಂಶ ಈಚೆಗೆ ಅಪ್‌ಡೇಟ್ ಆದದ್ದೇ ತಡ, ಮೆನುಗಳೆಲ್ಲ ಒಂದೇ ಗುಂಡಿಯೊಳಗೆ ಅಡಗಿದವು. ಕಣ್ಣುಮುಚ್ಚಿ ಒತ್ತುತ್ತಿದ್ದ ಐಕಾನ್ ಬೇರೊಂದು ಮೂಲೆ ಸೇರಿತು. ಆಕ್ಷೇಪಿಸಿದರೆ ‘ಹೊಸದನ್ನು ಕಲಿಯಲು ನಿಮಗೆ ಸೋಮಾರಿತನ’ ಎನ್ನುತ್ತಾರೆ. ಇದು ನಿಜವೇ? ಚೆನ್ನಾಗಿ ನಡೆಯುತ್ತಿದ್ದುದನ್ನು ಏಕೆ ಕೆದಕುತ್ತಾರೆ?

ಉತ್ತರ: ಸೋಮಾರಿತನವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ತಂತ್ರಾಂಶವನ್ನು ವರ್ಷಗಟ್ಟಲೆ ಬಳಸಿದವರು ಮೆನುವನ್ನು ಓದುವುದನ್ನೇ ಬಿಟ್ಟಿರುತ್ತಾರೆ. ಕೈ ತಾನಾಗಿಯೇ ಗುಂಡಿಯ ಬಳಿ ಹೋಗುತ್ತದೆ, ಗಮನವೆಲ್ಲ ಮಾಡುತ್ತಿರುವ ಕೆಲಸದ ಮೇಲಿರುತ್ತದೆ. ಆ ಗುಂಡಿ ಕದಲಿತೆಂದರೆ ಹಾಳಾಗುವ ಸಮಯ ಅತ್ಯಲ್ಪವಾದರೂ ಕೆಲಸದ ಎಳೆ ಕಡಿಯುತ್ತದೆ, ನಿನ್ನೆಯವರೆಗೆ ನುರಿತವರಾಗಿದ್ದವರು ಇಂದು ತಡಕಾಡಬೇಕಾಗುತ್ತದೆ. ಸಿಟ್ಟು ಹುಟ್ಟುವುದು ಅಲ್ಲಿ.

ಹಾಗೆಂದು ತಯಾರಕರು ಕೆಲಸವಿಲ್ಲದೆ ಕೆದಕುತ್ತಾರೆ ಎನ್ನಲಾಗದು. ಚಿತ್ರಗಳನ್ನು ತಿದ್ದುವ ಗಿಂಪ್ ತಂತ್ರಾಂಶದ 2.8ನೇ ಆವೃತ್ತಿಯನ್ನು ನೋಡಿ. ಅದು ಬಂದದ್ದು 2012ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಜೆಪೆಗ್ ಚಿತ್ರವೊಂದನ್ನು ತೆರೆದು, ತಿದ್ದಿ, ಕಂಟ್ರೋಲ್-ಎಸ್ ಒತ್ತಿದರೆ ಅದೇ ಕಡತದಲ್ಲಿ ಉಳಿಯುತ್ತಿತ್ತು. 2.8ರಿಂದ ಅದೇ ಕೀಲಿ ಒತ್ತಿದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಹಟ ಹಿಡಿದು ಹೆಸರಿನ ಕೊನೆಗೆ ಜೆಪಿಜಿ ಎಂದು ಬರೆದರೆ, ಅದಕ್ಕಾಗಿ ಎಕ್ಸ್‌ಪೋರ್ಟ್ (ಬೇರೆ ರೂಪದಲ್ಲಿ ಉಳಿಸುವ ಆದೇಶ) ಬಳಸಿ ಎಂಬ ಸೂಚನೆ ಬರುತ್ತದೆ. ಎಕ್ಸ್‌ಪೋರ್ಟ್ ಮಾಡಿ ಮುಚ್ಚಹೊರಟರೆ, ಬದಲಾವಣೆಗಳನ್ನು ಉಳಿಸಿಲ್ಲ ಎಂಬ ಎಚ್ಚರಿಕೆ ಬೇರೆ! ಇದರ ಹಿಂದಿನ ಕಾರಣ ಮಾತ್ರ ಗಟ್ಟಿಯಾದದ್ದು. ಜೆಪೆಗ್‌ನಲ್ಲಿ ಲೇಯರ್‌ಗಳು, ಅಂದರೆ ಒಂದರ ಮೇಲೊಂದು ಇಟ್ಟು ಬೇರೆಬೇರೆಯಾಗಿ ತಿದ್ದಬಹುದಾದ ಚಿತ್ರದ ಪದರಗಳು, ಉಳಿಯುವುದಿಲ್ಲ, ಮತ್ತೆ ಮತ್ತೆ ಉಳಿಸಿದಂತೆ ಚಿತ್ರದ ಗುಣಮಟ್ಟವೂ ಕುಗ್ಗುತ್ತದೆ. ಗಂಟೆಗಟ್ಟಲೆ ಮಾಡಿದ ಕೆಲಸ ಒಂದು ಕೀಲಿಯಿಂದ ಚಪ್ಪಟೆಯಾಗಬಾರದೆಂಬುದು ತಯಾರಕರ ಕಾಳಜಿ. ಆದರೆ ದಿನಕ್ಕೆ ನೂರು ಫೋಟೊಗಳ ಅಂಚು ಕತ್ತರಿಸಿ ಕೊಡುವವರಿಗೆ ಲೇಯರ್‌ಗಳ ಗೊಡವೆಯೇ ಇಲ್ಲ; ಅವರ ಪಾಲಿಗೆ ಪ್ರತಿ ಫೋಟೊಗೂ ಒಂದು ಹೆಜ್ಜೆ ಹೆಚ್ಚಾಯಿತು, ಅಷ್ಟೆ. ಈ ಜಗಳದಲ್ಲಿ ನಾನು ತಯಾರಕರ ಪರ, ಆದರೂ ಅವಸರದಲ್ಲಿದ್ದಾಗ ನನ್ನ ಬೆರಳು ಇಂದಿಗೂ ಕಂಟ್ರೋಲ್-ಎಸ್ ಕಡೆಗೇ ಹೋಗುತ್ತದೆ.

ಇನ್ನೊಂದು ಸಂಗತಿಯಿದೆ. ಬದಲಾವಣೆಯಿಂದ ಉಪಯೋಗ ಪಡೆಯಬೇಕಾದವರು ಬಹುಪಾಲು ಇನ್ನೂ ಆ ತಂತ್ರಾಂಶದ ಬಳಕೆದಾರರೇ ಆಗಿರುವುದಿಲ್ಲ. ಹಳೆಯ ವಿನ್ಯಾಸ ಅರ್ಥವಾಗದೆ ಮೊದಲ ದಿನವೇ ಬಿಟ್ಟುಹೋದವರು ದೂರು ಬರೆಯುವುದಿಲ್ಲ. ಬರೆಯುವವರು ನಿಮ್ಮಂತೆ ಅದನ್ನು ಕರಗತ ಮಾಡಿಕೊಂಡವರು. ಹೀಗಾಗಿ ತಯಾರಕರ ಕಿವಿಗೆ ಬೀಳುವುದೆಲ್ಲ ಒಂದೇ ಕಡೆಯ ದನಿಯಾಗಿರುತ್ತದೆ. ಅವರು ಕಿವುಡರಂತೆ ವರ್ತಿಸಲು ಇದೂ ಒಂದು ಕಾರಣ, ಸಮರ್ಥನೆಯಂತೂ ಅಲ್ಲ.

ಪ್ರಶ್ನೆ: ಹಣ ಕೊಡದೆ ಪಡೆದ ತಂತ್ರಾಂಶದ ಬಗ್ಗೆ ದೂರಲು ನಮಗೆ ಹಕ್ಕಿದೆಯೇ? ‘ಬೇಡವಾದರೆ ನೀವೇ ಬೇರೆ ಮಾಡಿಕೊಳ್ಳಿ’ ಎಂಬ ಉತ್ತರ ಸರಿಯೇ?

ಉತ್ತರ: ದೂರಬಹುದು; ಆಜ್ಞಾಪಿಸಲಾಗದು. ‘ನೀವೇ ಮಾಡಿಕೊಳ್ಳಿ’ ಎಂಬುದು ಒರಟು ಮಾತಾದರೂ ಮುಕ್ತ ತಂತ್ರಾಂಶದಲ್ಲಿ ಅದು ಪೊಳ್ಳು ಮಾತಲ್ಲ, ಏಕೆಂದರೆ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಪಡೆದು ಬೇರೊಂದು ಕವಲನ್ನು ಬೆಳೆಸುವ ಹಕ್ಕು ಅದರ ಪರವಾನಗಿಯಲ್ಲೇ ಇದೆ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ವಿಂಡೋ, ಮೆನುಗಳನ್ನು ತೋರಿಸುವ ಗ್ನೋಮ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶದ 3ನೇ ಆವೃತ್ತಿ 2011ರ ಏಪ್ರಿಲ್‌ನಲ್ಲಿ ಬಂದಾಗ, ವಿಂಡೋಗಳ ಶೀರ್ಷಿಕೆಪಟ್ಟಿಯಲ್ಲಿ ಕಿರಿದಾಗಿಸುವ ಗುಂಡಿ ಹೋಗಿ ಮುಚ್ಚುವ ಗುಂಡಿಯೊಂದೇ ಉಳಿದಿತ್ತು. ವಿಂಡೋಗಳ ಪಟ್ಟಿಯನ್ನೇ ತೆಗೆದ ಮೇಲೆ ಕಿರಿದಾಗಿಸಿದ ವಿಂಡೋ ಕೂರಲು ಜಾಗವಿಲ್ಲವೆಂಬುದು ತರ್ಕ, ತರ್ಕಕ್ಕೆ ಕೊರತೆಯಿರಲಿಲ್ಲ. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರೇ ಅದನ್ನು ಬಹಿರಂಗವಾಗಿ ಟೀಕಿಸಿ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಕಡೆಗೆ ಹೊರಳಿದರು. ಅದೇ ವರ್ಷ ಗ್ನೋಮ್ 2ರ ಸಂಕೇತದಿಂದ ಮಾಟೆ ಎಂಬ ಕವಲು ಹುಟ್ಟಿತು, ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ತಂಡ ಸಿನಮನ್ ಎಂಬ ಡೆಸ್ಕ್‌ಟಾಪ್ ಅನ್ನು ಕಟ್ಟತೊಡಗಿತು. ಎರಡೂ ಇಂದಿಗೂ ಬಳಕೆಯಲ್ಲಿವೆ. ಗ್ನೋಮ್ ಕೂಡ 2013ರಲ್ಲಿ 3.8ನೇ ಆವೃತ್ತಿಯೊಂದಿಗೆ ಹಳೆಯ ವಿನ್ಯಾಸವನ್ನು ಹೋಲುವ ‘ಕ್ಲಾಸಿಕ್’ ವಿಧಾನವನ್ನು ಕೊಟ್ಟಿತು. ಆದರೆ ಕವಲೊಡೆಸುವುದು ಒಂದು ದಿನದ ಕೆಲಸ, ಅದನ್ನು ಸಾಕುವುದು ವರ್ಷಗಳ ಕೆಲಸ. ಪ್ರೋಗ್ರಾಮಿಂಗ್ ಬಾರದ ಬಳಕೆದಾರರಿಗೆ ಆ ಹಕ್ಕು ಬೇರೆಯವರ ದುಡಿಮೆಯ ಮೂಲಕವಷ್ಟೇ ದಕ್ಕುತ್ತದೆ.

ನನ್ನ ಮಟ್ಟಿಗೆ ಬ್ಲೆಂಡರ್ ತಂಡದ ನಡೆ ಮಾದರಿ. ಮೂರು ಆಯಾಮದ ಚಿತ್ರಣದ ಈ ತಂತ್ರಾಂಶದಲ್ಲಿ ವಸ್ತುವನ್ನು ಆಯ್ದುಕೊಳ್ಳಲು ಮೌಸ್‌ನ ಬಲಗುಂಡಿ ಒತ್ತುವುದು ಹಳೆಯ ರೂಢಿಯಾಗಿತ್ತು. 2019ರ ಜುಲೈನಲ್ಲಿ ಬಂದ 2.80ನೇ ಆವೃತ್ತಿ ಇದನ್ನು ಎಡಗುಂಡಿಗೆ ಬದಲಾಯಿಸಿತು. ಆದರೆ ಮೊದಲ ಬಾರಿ ತೆರೆದಾಗಲೇ ‘ಎಡವೋ ಬಲವೋ’ ಎಂದು ಕೇಳುವ ಒಂದು ಸಾಲನ್ನು ಪರದೆಯ ಮೇಲಿಟ್ಟಿತು. ಹಳಬರು ಬಲವನ್ನು ಆರಿಸಿಕೊಂಡು ಕೆಲಸ ಮುಂದುವರಿಸಿದರು. ಆಯ್ಕೆ ಹೆಚ್ಚಿದಷ್ಟೂ ಪರೀಕ್ಷಿಸಿ ಕಾಪಾಡಬೇಕಾದ ಸಂಕೇತ ಹೆಚ್ಚುತ್ತದೆಂಬುದು ನಿಜ. ಎಲ್ಲ ಬದಲಾವಣೆಗೂ ಹಿಂದಿರುಗುವ ದಾರಿ ಇಡಲಾಗದು. ಕೈಯ ರೂಢಿಯನ್ನೇ ಮುರಿಯುವಂಥದ್ದಕ್ಕಾದರೂ ಇಡಬೇಕು.

ಪ್ರಶ್ನೆ: ಅಪ್‌ಡೇಟ್ ಮಾಡುವುದನ್ನೇ ನಿಲ್ಲಿಸಿಬಿಟ್ಟರೆ?

ಉತ್ತರ: ದಯವಿಟ್ಟು ಬೇಡ. ವಿನ್ಯಾಸದ ಬದಲಾವಣೆಯೊಂದಿಗೆ ಭದ್ರತೆಯ ತಿದ್ದುಪಡಿಗಳೂ ನಿಂತುಹೋಗುತ್ತವೆ. ಬ್ರೌಸರ್‌ನಲ್ಲಂತೂ ಇದು ಅಪಾಯಕರ. ಮೊದಲು ಸೆಟ್ಟಿಂಗ್ಸ್ ತಡಕಿ ನೋಡಿ: ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ವ್ಯೂ ಮೆನುವಿನ ‘ಯೂಸರ್ ಇಂಟರ್ಫೇಸ್’ ಎಂಬಲ್ಲಿ ಹಳೆಯ ಟೂಲ್‌ಬಾರ್‌ಗಳೂ ಹೊಸ ಟ್ಯಾಬ್ ವಿನ್ಯಾಸವೂ ಅಕ್ಕಪಕ್ಕದಲ್ಲೇ ಇವೆ. ಅಲ್ಲಿ ಸಿಗದಿದ್ದರೆ ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನು ಹುಡುಕಿ. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ 57ನೇ ಆವೃತ್ತಿ ಹಳೆಯ ಬಗೆಯ ಆಡ್-ಆನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳನ್ನು) ಕೈಬಿಟ್ಟಾಗ, ಅದರ 52ನೇ ಇಎಸ್‌ಆರ್ (ದೀರ್ಘಾವಧಿ ಬೆಂಬಲದ) ಆವೃತ್ತಿಯಲ್ಲಿದ್ದವರು ಭದ್ರತಾ ತಿದ್ದುಪಡಿಗಳನ್ನು ಪಡೆಯುತ್ತಲೇ ಮರುವರ್ಷದವರೆಗೆ ಹಳೆಯ ಆಡ್-ಆನ್‌ಗಳನ್ನು ಬಳಸಿದರು. ದೂರು ಬರೆಯುವುದಾದರೆ ‘ಹಳೆಯದೇ ಚೆನ್ನಾಗಿತ್ತು’ ಎಂದಷ್ಟೇ ಬರೆಯಬೇಡಿ; ಯಾವ ಕೆಲಸಕ್ಕೆ ಮೊದಲು ಎಷ್ಟು ಕ್ಲಿಕ್ ಬೇಕಿತ್ತು, ಈಗ ಎಷ್ಟು ಬೇಕು, ದಿನಕ್ಕೆ ಎಷ್ಟು ಬಾರಿ ಆ ಕೆಲಸ ಮಾಡುತ್ತೀರಿ ಎಂಬುದನ್ನು ಬರೆಯಿರಿ.