ಮೆಕ್ಯಾನಿಕ್ ಗಂಡನ ಮೌನಕ್ಕೆ ಕಾರಣ ಬೇರೆಯೇ ಇತ್ತು

(ದಂಪತಿಯ ಒಪ್ಪಿಗೆ ಪಡೆದು ಬರೆದ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ದಾಂಪತ್ಯ ಸಲಹೆಗೆಂದು ನನ್ನ ಬಳಿಗೆ ದೂರು ತಂದವರು ಹೆಂಡತಿ. ಗಂಡ ಸಣ್ಣ ಪಟ್ಟಣದಲ್ಲಿ ಸ್ವಂತ ಗ್ಯಾರೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್, ಐವತ್ತರ ಹತ್ತಿರದ ವಯಸ್ಸು. ಮೀಸೆ ಮೂಡುವ ಮೊದಲೇ ಸ್ಪ್ಯಾನರ್ ಹಿಡಿದವರು. ಕುಡಿತವಿಲ್ಲ, ಬೇರೆ ಸಹವಾಸವಿಲ್ಲ, ದುಡಿದದ್ದನ್ನೆಲ್ಲ ಮನೆಗೇ ತರುತ್ತಾರೆ. ಇಷ್ಟನ್ನು ತಾವಾಗಿಯೇ ಹೇಳಿದ ಆ ಹೆಣ್ಣುಮಗಳು ನಂತರ ಅಂದದ್ದು ಇದು: "ಊರಿನವರ ಹತ್ತಿರ ನಗುನಗುತ್ತಾ ತಲೆಯಾಡಿಸುತ್ತಾರೆ. ನಾನು ಮಾತನಾಡಿಸಿದರೆ ಉತ್ತರವೇ ಇಲ್ಲ. ಎರಡನೇ ಸಲ ಹೇಳಿದರೆ ಸಿಡುಕುತ್ತಾರೆ. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಗಿದೆ."

ಅವರನ್ನು ನನ್ನ ಬಳಿಗೆ ಕರೆತಂದದ್ದು ಮಗಳ ಕಾಲೇಜಿನ ವಿಷಯ. ಓದುತ್ತಿದ್ದ ಕೋರ್ಸ್ ಬಿಟ್ಟು ಬೇರೆಯದಕ್ಕೆ ಸೇರುತ್ತೇನೆಂದು ಮಗಳು ಒಂದು ಸಂಜೆ ಅಪ್ಪನಿಗೆ ಹೇಳಿದ್ದಾಳೆ. ಅಪ್ಪ "ಹೂಂ" ಎಂದಿದ್ದಾರೆ. ಶುಲ್ಕ ಕಟ್ಟುವ ದಿನ ಬಂದಾಗ ಅವರೇ "ಯಾರನ್ನು ಕೇಳಿ ಈ ಕೆಲಸ ಮಾಡಿದೆ?" ಎಂದು ಮನೆ ನಡುಗುವಂತೆ ಕೂಗಾಡಿದ್ದಾರೆ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಎಂದು ಮಗಳು ತೀರ್ಮಾನಿಸಿ ಅಪ್ಪನೊಂದಿಗೆ ಮಾತು ಬಿಟ್ಟಳು. ಚಿಕ್ಕವನಾದ ಮಗನದು ಬೇರೆ ಜಗಳ: ಟಿವಿಯ ಸದ್ದು ಓದಲು ಬಿಡುವುದಿಲ್ಲವೆಂದು ದಿನವೂ ತಕರಾರು.

ಗಂಡನನ್ನು ಕೇಳಿದರೆ, "ಹಗಲೆಲ್ಲ ಗಿರಾಕಿಗಳ ಜೊತೆ ಮಾತನಾಡಿ ಸಾಕಾಗಿರುತ್ತದೆ, ಮನೆಯಲ್ಲಾದರೂ ಸುಮ್ಮನಿರೋಣ ಅನ್ನಿಸುತ್ತದೆ" ಎಂದರು. ನಂಬಬಹುದಾದ ಉತ್ತರವೇ. ಆದರೆ ಅವರು ಮಾತಿನುದ್ದಕ್ಕೂ ನನ್ನ ಕಣ್ಣನ್ನಲ್ಲ, ತುಟಿಗಳನ್ನು ನೋಡುತ್ತಿದ್ದರು. ಪಕ್ಕದಲ್ಲಿ ಕುಳಿತ ಹೆಂಡತಿ ಏನಾದರೂ ಹೇಳಿದಾಗ ಒಂದು ಕ್ಷಣ ನನ್ನ ಮುಖ ನೋಡಿ, ಅಲ್ಲಿ ಕಂಡ ಭಾವಕ್ಕೆ ತಕ್ಕಂತೆ ತಲೆಯಾಡಿಸುತ್ತಿದ್ದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಾ "ಗ್ಯಾರೇಜನ್ನು ಎಷ್ಟು ಹೊತ್ತಿಗೆ ಮುಚ್ಚುತ್ತೀರಿ?" ಎಂದು ಕೇಳಿದೆ. "ಹೌದು ಹೌದು" ಎಂದರು.

ದಾಂಪತ್ಯದ ಮಾತನ್ನು ಅಲ್ಲಿಗೇ ನಿಲ್ಲಿಸಿ ಕಿವಿಯ ಬಗ್ಗೆ ಕೇಳಿದೆ. ಅವರಿಗೆ ಸಿಟ್ಟು ಬಂತು. "ನನ್ನ ಕಿವಿಗೇನಾಗಿದೆ? ಇಂಜಿನ್ ಸ್ಟಾರ್ಟ್ ಮಾಡಲಿ ಸಾಕು, ಬೇರಿಂಗ್ ಹೋಗಿದೆಯೋ ಇಲ್ಲವೋ ಈಗಲೂ ಹೇಳುತ್ತೇನೆ."

ಅದು ಸುಳ್ಳಲ್ಲ, ಮತ್ತು ಅವರು ಇಷ್ಟು ಕಾಲ ತಮ್ಮನ್ನೇ ನಂಬಿಸಿಕೊಂಡಿದ್ದೂ ಅದರಿಂದಲೇ. ಸವೆದ ಬೇರಿಂಗ್ ಕೊಡುವುದು ಕೆಳಸ್ವರದ ಗುದ್ದುವ ಸದ್ದು. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಬಳಿಯ ಎಲುಬಿಗೂ ಒತ್ತಿದರೆ ಅದರ ಕಂಪನ ಎಲುಬಿನ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ. ಗದ್ದಲದಿಂದ ಕಿವಿ ಕೆಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಮೇಲುಸ್ವರಗಳು, 4000 ಹರ್ಟ್ಸ್ ಸುತ್ತಮುತ್ತಲಿನವು. ಹಾಗಾಗಿ ನಾನು ಟ್ಯಾಪೆಟ್‌ನ ಟಿಕಟಿಕ, ಬೆಲ್ಟ್‌ನ ಕೀರಲು, ಗಾಳಿ ಸೋರುವ ಸುಯ್‌ಗುಟ್ಟುವಿಕೆ ಇವೆಲ್ಲ ಕೇಳಿಸುತ್ತವೆಯೇ ಎಂದು ಒಂದೊಂದಾಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ಒಂದೆರಡು ವರ್ಷಗಳಿಂದ ಅಂಥ ಸದ್ದು ಹಿಡಿಯಬೇಕಾದಾಗ ಕೆಲಸದ ಹುಡುಗನನ್ನು ಕರೆದು, "ನೀನೇ ಕೇಳಿ ಹೇಳು, ಕಲಿಯಬೇಕಲ್ಲ" ಎನ್ನುತ್ತಿದ್ದರಂತೆ. ಗುರು ಪಾಠ ಮಾಡುತ್ತಿದ್ದಾರೆಂದು ಗ್ಯಾರೇಜಿನವರೆಲ್ಲ ತಿಳಿದಿದ್ದರು.

ಕಿವಿ, ಮೂಗು, ಗಂಟಲು ತಜ್ಞರ ಬಳಿಗೂ ಶ್ರವಣ ತಜ್ಞರ ಬಳಿಗೂ ಕಳಿಸಿದೆ. ವರದಿಯಲ್ಲಿ ಎರಡೂ ಕಿವಿಗಳ ಕೇಳುವ ಶಕ್ತಿಯನ್ನು ತೋರಿಸುವ ರೇಖೆ 4000 ಹರ್ಟ್ಸ್ ಹತ್ತಿರ ಆಳವಾಗಿ ಕುಸಿದಿತ್ತು. ಗದ್ದಲ ಮಾಡುವ ಹಾನಿ ಇದೇ ರೀತಿ ಕಾಣಿಸಿಕೊಳ್ಳುತ್ತದೆ. ಸರಾಸರಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಎನ್ನುವುದು ಕೆಲಸದ ಜಾಗಗಳಿಗೆ ತಜ್ಞರು ಹೇಳುವ ಮಿತಿ. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಗ್ರೈಂಡರ್, ನಟ್ ಬಿಚ್ಚುವ ಏರ್ ಗನ್, ತಗಡಿನ ಮೇಲೆ ಬೀಳುವ ಸುತ್ತಿಗೆ ಇವುಗಳ ನಡುವೆ ಆ ಹದಿನೈದು ನಿಮಿಷ ತೀರಲು ಎಷ್ಟು ಹೊತ್ತು ಬೇಕು? ಥಿನ್ನರ್‌ನಲ್ಲಿರುವ ಟಾಲ್ವೀನ್‌ನಂಥ ದ್ರಾವಕಗಳ ಆವಿಯೂ ಒಳಗಿವಿಗೆ ಕೇಡು ಮಾಡಬಲ್ಲದು. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶ್ರವಣ ಸಾಧನ ನೆರವಾಗುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ.

ಮನೆಯ ಮೌನದ ಗುಟ್ಟೂ ಆ ರೇಖೆಯಲ್ಲೇ ಇತ್ತು. ಮಾತಿಗೆ ಗಟ್ಟಿತನ ಕೊಡುವುದು ಕೆಳಸ್ವರದ ಸ್ವರಾಕ್ಷರಗಳು. ಮಾತನ್ನು ಬಿಡಿಸಿ ತಿಳಿಸುವುದರಲ್ಲಿ ಸ, ಶ, ತ, ಕ ಇಂಥ ವ್ಯಂಜನಗಳ ಪಾಲು ದೊಡ್ಡದು. ಅವುಗಳ ಸದ್ದು ಮೇಲುಸ್ವರದ್ದು, ಮೆಲುವಾದದ್ದು. ಹೆಂಡತಿ ಮಾತನಾಡಿದಳೆಂದು ಇವರಿಗೆ ತಿಳಿಯುತ್ತದೆ, ಏನೆಂದಳು ಎಂದು ತಿಳಿಯುವುದಿಲ್ಲ. ಒಗ್ಗರಣೆಯ ಸದ್ದೋ ನಲ್ಲಿಯ ನೀರೋ ಜೊತೆಗೂಡಿದರೆ ಅಷ್ಟೂ ಇಲ್ಲ.

ಇಲ್ಲಿಂದ ಮುಂದಿನದು ನನ್ನ ಕೆಲಸ, ಮತ್ತು ಇದೇ ಕಷ್ಟದ ಭಾಗ. ಅವರ ಹೆಸರು ನಿಂತಿರುವುದೇ ಕಿವಿಯ ಮೇಲೆ. ಸದ್ದು ಕೇಳಿ ದೋಷ ಹೇಳುವವರೆಂದೇ ಜನ ಗಾಡಿ ತರುತ್ತಾರೆ. ಸಣ್ಣ ಊರಿನಲ್ಲಿ ಒಬ್ಬರ ಬಾಯಿಗೆ ಬಿದ್ದರೆ ಸಾಕು, ಸಂಜೆಯೊಳಗೆ "ಕಿವುಡ ಮೆಕ್ಯಾನಿಕ್" ಎಂಬ ಅಡ್ಡಹೆಸರು ಅಂಟುತ್ತದೆ ಎಂಬ ಭಯ ಅವರದು. ಹೊಸ ಗಾಡಿಗಳ ದೋಷ ಓದುವ ಸ್ಕ್ಯಾನರನ್ನು "ಕಿವಿ ಇದ್ದವನಿಗೆ ಯಂತ್ರ ಯಾಕೆ?" ಎಂದು ಹೀಗಳೆಯುತ್ತಿದ್ದುದೂ ಆ ಭಯವೇ. ಹೆಂಡತಿಗೆ ಹೇಳಿದರೆ ತನಗೆ ತಾನೇ ಒಪ್ಪಿಕೊಂಡಂತೆ. ಹಾಗಾಗಿ ಅಲ್ಲಿಯೂ ಬಾಯಿ ಬಿಡಲಿಲ್ಲ.

ವರದಿ ಕಂಡ ಹೆಂಡತಿ ಮರುಗುತ್ತಾರೆಂದು ಗಂಡ ಎಣಿಸಿದ್ದರು. ಆಕೆ ಸಿಟ್ಟಾದರು. "ಇಷ್ಟು ವರ್ಷ ನಾನು ನನ್ನಲ್ಲೇ ಕೊರತೆ ಹುಡುಕಿಕೊಂಡೆ. ಇವರಿಗೆ ಗೊತ್ತಿತ್ತು." ಆ ಸಿಟ್ಟನ್ನು ನಾನು ತಣಿಸಲು ಹೋಗಲಿಲ್ಲ. ಕಿವಿ ಕೆಟ್ಟದ್ದು ಅವರ ತಪ್ಪಲ್ಲ. ಗೊತ್ತಿದ್ದೂ ಹೆಂಡತಿಯನ್ನು ಅಲಕ್ಷ್ಯದ ಭಾವನೆಯಲ್ಲಿ ಕೊರಗಲು ಬಿಟ್ಟದ್ದಕ್ಕೆ ಉತ್ತರ ಕೊಡಬೇಕಾದವರು ಅವರೇ. ವೈದ್ಯಕೀಯ ವರದಿ ಕ್ಷಮಾಪಣೆಯ ಜಾಗವನ್ನು ತುಂಬುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಮುಂದಿನ ಭೇಟಿಯಲ್ಲಿ ಅವರು ಹೆಂಡತಿಯ ಕಡೆ ತಿರುಗಿ ಕುಳಿತು ತಮ್ಮ ಮಾತಿನಲ್ಲೇ ಹೇಳಿದರು. ಮಗಳಿಗೂ, "ನೀನು ಆ ದಿನ ಹೇಳಿದ್ದು ನನಗೆ ಕೇಳಿಸಿರಲೇ ಇಲ್ಲ, ಕೇಳಿಸಿದಂತೆ ನಟಿಸಿದೆ" ಎಂದು ಹೇಳಿಸಿದೆ.

ಮನೆಯವರಿಗೆ ಕೊಟ್ಟ ಸಲಹೆ ಸರಳ. ಬೇರೆ ಕೋಣೆಯಿಂದ ಕೂಗಬೇಡಿ. ಮೊದಲು ಕರೆದು ಅಥವಾ ಭುಜ ಮುಟ್ಟಿ ಗಮನ ಸೆಳೆಯಿರಿ, ಬೆಳಕು ನಿಮ್ಮ ಮುಖದ ಮೇಲಿರಲಿ, ಟಿವಿ ಆರಿಸಿ ಮಾತನಾಡಿ. ಅರ್ಥವಾಗದಿದ್ದರೆ ದನಿ ಏರಿಸುವ ಬದಲು ಅದನ್ನೇ ಬೇರೆ ಶಬ್ದಗಳಲ್ಲಿ ಹೇಳಿ. ಕೂಗಿದರೆ ಗದರಿದಂತೆ ಕಾಣುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಗಂಡನಿಗೆ ಒಂದೇ ಕಟ್ಟಪ್ಪಣೆ: ಕೇಳಿಸದೆ "ಹೂಂ" ಅನ್ನಬಾರದು. ಹಣ, ಓದು, ಆರೋಗ್ಯದ ಮಾತಾದರೆ ಕೇಳಿಸಿದ್ದನ್ನು ತಿರುಗಿ ಹೇಳಬೇಕು: "ನಾಳೆ ಶುಲ್ಕ ಕಟ್ಟಬೇಕು ಎಂದೆಯಲ್ಲವೇ?" ಸರಿಯಾಗಿ ಕೇಳಿಸದ ಕಿವಿಯಿಂದ ದಿನವಿಡೀ ಮಾತು ಹಿಡಿಯುವುದು ನಿಜಕ್ಕೂ ದಣಿಸುತ್ತದೆ. ಆದ್ದರಿಂದ ಮನೆಗೆ ಬಂದ ಮೇಲೆ ಅರ್ಧ ಗಂಟೆ ಮೌನ ಬೇಕೆಂದು ಬಾಯಿಬಿಟ್ಟು ಕೇಳಿ ಪಡೆಯಲಿ. ಮುಖ ಗಂಟುಹಾಕಿಕೊಂಡು ಪಡೆಯುವುದು ಬೇಡ.

ಶ್ರವಣ ಸಾಧನ ಮೊದಲ ವಾರಗಳಲ್ಲಿ ಕರ್ಕಶವೆನಿಸುತ್ತದೆ, ಮಿದುಳು ಒಗ್ಗಿಕೊಳ್ಳಲು ಸಮಯ ಬೇಕು. ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ ಎಂದೆ. ಅದು ಗದ್ದಲ ತಡೆಯುವ ಸಾಧನವಲ್ಲ. ಗ್ರೈಂಡರ್ ಹಿಡಿದಾಗ ಕಿವಿಗವಚ ಬೇರೆಯೇ ಬೇಕು. ಇನ್ನೊಂದು ಮಾತನ್ನು ಈ ಕಸುಬಿನವರೆಲ್ಲರಿಗೂ ಹೇಳಬೇಕು: ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಾನಾಗಿಯೇ ಸರಿಹೋಗಲೆಂದು ಕಾಯಬೇಡಿ, ಅಂದೇ ವೈದ್ಯರನ್ನು ಕಾಣಿ.

ಈಗ ಅವರು ಮನೆಯಲ್ಲಿ ಸಾಧನ ಧರಿಸುತ್ತಾರೆ. ಗಿರಾಕಿಗಳೆದುರು ಧರಿಸುವುದಿಲ್ಲ, ಆ ತೀರ್ಮಾನ ಅವರಿಗೇ ಸೇರಿದ್ದು, ನಾನು ಒತ್ತಾಯಿಸುತ್ತಿಲ್ಲ. ಸ್ಕ್ಯಾನರ್ ಕೊಂಡಿದ್ದಾರೆ. ಮಗಳು ಅಗತ್ಯವಿದ್ದಷ್ಟು ಮಾತನಾಡುತ್ತಾಳೆ, ಅದಕ್ಕಿಂತ ಹೆಚ್ಚಿಗೆ ಇನ್ನೂ ಕಾಲ ಬೇಕು. ಗ್ಯಾರೇಜಿನ ಇಬ್ಬರು ಹುಡುಗರ ಕಿವಿಯನ್ನೂ ಪರೀಕ್ಷೆ ಮಾಡಿಸಿ ಎಂದಿದ್ದೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್‌ಗುಡುತ್ತದೆ ಎನ್ನುವ ಹುಡುಗ ಒಪ್ಪಿದ್ದಾನೆ. ಇನ್ನೊಬ್ಬ ಕವಚ ಹಾಕಲೂ ನಾಚುತ್ತಾನಂತೆ. ಅವನನ್ನು ಒಪ್ಪಿಸುವ ಹೊಣೆಯನ್ನು ಮಾಲೀಕರಿಗೇ ವಹಿಸಿದ್ದೇನೆ.