ಹೆಗಲ ಹಿಂದಿನ ಮೂಳೆ ಮುರಿದರೆ ಆಪರೇಷನ್ ಬೇಕೇ ಬೇಕಾ?

ಅಣ್ಣ, ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದ ನಿಮ್ಮ ತಮ್ಮನಿಗೆ ಸ್ಕ್ಯಾಪುಲಾ, ಅಂದರೆ ಹೆಗಲ ಹಿಂದಿನ ಅಗಲ ಮೂಳೆ ಮುರಿದಿದೆ, ಒಬ್ಬ ಡಾಕ್ಟರು ಕೈಗೆ ಜೋಳಿಗೆ ಹಾಕಿದರೆ ಸಾಕು ಅಂದರು, ಇನ್ನೊಬ್ಬರು ಪ್ಲೇಟ್ ಹಾಕಬೇಕು ಅಂದರು ಅಂತ ಬರೆದಿದ್ದೀರಿ. ನಾನು ಆಸ್ಪತ್ರೆಯಲ್ಲಿ ಫಿಸಿಯೋ. ಊರಲ್ಲಿ ಸ್ವಲ್ಪ ತೋಟವೂ ಇದೆ.

ಮೊದಲು ಎದೆ ನೋಡಿಸಿದ್ದಾರಾ? ಈ ಮೂಳೆ ಸುಮ್ನೆ ಮುರಿಯುವುದಿಲ್ಲ, ಪೆಟ್ಟು ಜೋರಾಗಿಯೇ ಬಿದ್ದಿರಬೇಕು. ಪಕ್ಕೆಲುಬು, ಶ್ವಾಸಕೋಶಕ್ಕೂ ಏಟಾಗಿರುವುದೇ ಜಾಸ್ತಿ. ಉಸಿರು ಕಟ್ಟಿದರೆ, ಬೆರಳು ಜೋಮು ಹಿಡಿದರೆ ಕಾಯಬೇಡಿ, ತಕ್ಷಣ ಕರೆದುಕೊಂಡು ಹೋಗಿ.

ಇನ್ನು ಆಪರೇಷನ್ ವಿಚಾರ. ಮುರಿದಿದ್ದು ಎಲ್ಲಿ ಅನ್ನುವುದರ ಮೇಲೆ ನಿಂತಿದೆ. ನಡುವಿನ ಅಗಲ ಭಾಗಕ್ಕೆ ಎರಡೂ ಕಡೆ ದಪ್ಪ ಮಾಂಸಖಂಡ ಇದೆ, ರಕ್ತ ಚೆನ್ನಾಗಿ ಹರಿಯುತ್ತದೆ. ಸ್ವಲ್ಪ ಜರುಗಿದ್ದರೂ ಸುಮಾರು 6 ವಾರದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಹೆಚ್ಚಿನವರಿಗೆ ಜೋಳಿಗೆಯೇ ಸಾಕು. ಆದರೆ ತೋಳಿನ ಗುಂಡು ಕೂರುವ ಕೀಲಿನ ಗುಳಿಯೇ ಒಡೆದು 4–5 ಮಿ.ಮೀ. ಏರುಪೇರಾಗಿದ್ದರೆ ಕತೆ ಬೇರೆ. ಹಾಗೇ ಬಿಟ್ಟರೆ ಮುಂದೆ ಕೀಲು ಸವೆಯಬಹುದು. ಚೂರುಗಳು 2 ಸೆಂ.ಮೀ.ನಷ್ಟು ಸರಿದಿದ್ದರೆ, 45 ಡಿಗ್ರಿಯಷ್ಟು ಬಾಗಿದ್ದರೆ, ಅಥವಾ ಇದರ ಜೊತೆ ಕಾಲರ್ ಮೂಳೆಯೂ ಮುರಿದು ಹೆಗಲು ಜೋತುಬಿದ್ದಿದ್ದರೂ ಸರ್ಜನ್‌ಗಳು ಪ್ಲೇಟ್ ಯೋಚನೆ ಮಾಡುತ್ತಾರೆ.

ಬರೀ ಎಕ್ಸ್‌ರೇಯಲ್ಲಿ ಪಕ್ಕೆಲುಬು ಅಡ್ಡ ಬಂದು ಇದೆಲ್ಲ ಸರಿಯಾಗಿ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದ್ದೀರಾ ಅಂತ ನೀವು ಬರೆದೇ ಇಲ್ಲ! ತ್ರೀಡಿ ಸಿ.ಟಿ. ಮಾಡಿಸಿ, ಅದನ್ನು ಇಬ್ಬರಿಗೂ ತೋರಿಸಿ, ಕೀಲಿಗೆ ಪೆಟ್ಟಾಗಿದೆಯಾ, ಎಷ್ಟು ಜರುಗಿದೆ ಅಂತ ನೇರವಾಗಿ ಕೇಳಿ. ನನ್ನ ಅನುಭವದಲ್ಲಿ ಆಮೇಲೆ ಇಬ್ಬರ ಮಾತೂ ಒಂದೇ ಆಗುವುದುಂಟು.

ಆಪರೇಷನ್ ಅಂತಾದರೆ ಬೋರಲು ಅಥವಾ ಪಕ್ಕಕ್ಕೆ ಮಲಗಿಸಿ ಬೆನ್ನ ಕಡೆಯಿಂದ ಮಾಡುತ್ತಾರೆ. ಮೂಳೆಯ ನಡುಭಾಗ ಬೆಳಕಿಗೆ ಹಿಡಿದರೆ ಆಚೆ ಬೆಳಕು ಕಾಣುವಷ್ಟು ತೆಳು, ಸ್ಕ್ರೂ ಅಲ್ಲಿ ಹಿಡಿಯುವುದಿಲ್ಲ. ಅಂಚು ಗಟ್ಟಿ, ಪ್ಲೇಟ್ ಕೂರಿಸುವುದು ಅಲ್ಲೇ. ಹತ್ತಿರದಲ್ಲೇ ತೋಳೆತ್ತುವ, ತಿರುಗಿಸುವ ಖಂಡಗಳ ನರ ಹಾದುಹೋಗುತ್ತದೆ. ಹಾಗಾಗಿ ಇಂಥದ್ದನ್ನು ಮಾಡಿ ಪಳಗಿದ ಕೈ ಇರುವ ಕಡೆ ಹೋಗಿ. ತುಂಬಾ ತಡ ಮಾಡಲೂ ಬೇಡಿ. 3 ವಾರ ಕಳೆದರೆ ಹೊಸ ಮೂಳೆ ಬೆಳೆದು ಜೋಡಿಸುವುದು ಕಷ್ಟ. ನಾಟಿ ಕಟ್ಟು ಅಂತ ಆ ದಿನಗಳನ್ನು ಕಳೆಯಬೇಡಿ.

ಜೋಳಿಗೆಯಾಗಲಿ, ಆಪರೇಷನ್ ಆಗಲಿ, ಹೆಗಲು ಬಿಗಿಯಾಗಲು ಬಿಡಬಾರದು. ಡಾಕ್ಟರು ಹೂಂ ಅಂದ ಮೇಲೆ ಮುಂದಕ್ಕೆ ಬಗ್ಗಿ, ಚೆನ್ನಾಗಿರುವ ಕೈಯನ್ನು ಮೇಜಿಗೆ ಊರಿ, ಪೆಟ್ಟಾದ ಕೈ ಸಡಿಲವಾಗಿ ಇಳಿಬಿಟ್ಟು ಸಣ್ಣ ಸುತ್ತು ಹಾಕಿಸಿ. ಭಾರ ಎತ್ತುವುದು ಸುಮಾರು 3 ತಿಂಗಳು ಬೇಡ. ಕೊನೆ ಕೊಯ್ಯುವ ಉದ್ದನೆ ದೋಟಿ ಹಿಡಿಯುವುದೂ ಅದರಲ್ಲೇ ಬಂತು!

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯ ಮಿತ್ರರನ್ನು ವಿಚಾರಿಸಿ. ಸಿ.ಟಿ. ರಿಪೋರ್ಟ್ ಬಂದರೆ ತಮ್ಮನ ಹೆಸರು ಮುಚ್ಚಿ ಇಲ್ಲಿ ಹಾಕಿ.